ಮಾಮನಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಇಂಗ್ಲಿಷಿನಷ್ಟು ಸಿರಿವಂತ ಭಾಷೆ ನೆಂಟಸ್ತಿಕೆಯ ವಿಷಯಕ್ಕೆ ಬಂದಾಗ ಏಕೆ ಹೀಗೆ ಕೈ ಬಿಗಿಹಿಡಿಯುತ್ತದೋ ನಾನರಿಯೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆಯ ಗಂಡ ಇಷ್ಟೂ ಜನರನ್ನು ‘ಅಂಕಲ್’ ಎಂಬ ಒಂದೇ ಬೆಂಚಿನ ಮೇಲೆ ಕೂರಿಸಿಬಿಡುತ್ತದೆ. ಬೆಂಚಿನಲ್ಲಿ ಇನ್ನೂ ಜಾಗವಿದೆಯೆಂದು ನಾವು ಎದುರುಮನೆಯವರನ್ನೂ ಆಟೋ ಓಡಿಸುವವರನ್ನೂ ಅಲ್ಲಿಯೇ ಒತ್ತರಿಸಿದ್ದೇವೆ. ‘ಕಸಿನ್’ ಎಂಬುದಂತೂ ಅಪಾಯದ ಶಬ್ದ. ಚಿಕ್ಕಪ್ಪನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರಮಾವನ ಮಗನಾದರೆ ಹುಡುಗಿಗೆ ವರನಾಗಬಹುದು. ಇಬ್ಬರಿಗೂ ಒಂದೇ ಹೆಸರಿಟ್ಟರೆ ಲಗ್ನಪತ್ರಿಕೆ ಬರೆಯುವ ಪುರೋಹಿತರ ಗತಿಯೇನು?

ಕನ್ನಡ ಉಪನ್ಯಾಸಕನಿಗೇಕೆ ಈ ಉಸಾಬರಿ ಎನ್ನುವಿರಿ. ನಾನು ಪಾಠ ಹೇಳುವುದು ಬಂಗಾರಪೇಟೆಯಲ್ಲಿ, ವಾಸ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿ. ಬೌರಿಂಗ್ ದೊರೆಯ ಹೆಸರಿನ ಬೌರಿಂಗ್‌ಪೇಟೆಯನ್ನು ಬಂಗಾರದ ಪೇಟೆ ಮಾಡಿಕೊಂಡ ಜನ ನಾವು. ಇಂಗ್ಲಿಷನ್ನು ಪಳಗಿಸುವುದು ನಮಗೆ ಹೊಸದಲ್ಲ. ಆದರೂ ನಮ್ಮ ಬೀದಿಯ ಹುಡುಗಿಯೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಇಂಗ್ಲಿಷ್ ಮಾತಿನ ತರಗತಿಯಲ್ಲಿ ಕೊಟ್ಟ ಪಟ್ಟಿಯೊಂದನ್ನು ಹಿಡಿದು ಸಂಜೆಯ ಹೊತ್ತು ಬರತೊಡಗಿದಳು. ಬೆಂಗಳೂರಿನಲ್ಲಿ ಕೆಲಸ ಹಿಡಿಯಬೇಕು. ಅದಕ್ಕೆ ಇಂಗ್ಲಿಷು ಬೇಕು. ಪಟ್ಟಿಯ ತಲೆಬರಹ ‘ಸಮಾಜ ಮತ್ತು ಮಾನವ ಸಂಬಂಧಗಳು’. ಕೆಳಗೆ ಅರುವತ್ತು ಶಬ್ದ. ಇಡೀ ಮನುಷ್ಯಕುಲದ ಸಂಬಂಧ ಒಂದೇ ಹಾಳೆಯಲ್ಲಿ ಮುಗಿದಿತ್ತು.

ಅವಳ ಮನೆಮಾತು ತಮಿಳು, ಪಕ್ಕದ ಮನೆಯದು ತೆಲುಗು, ನನ್ನದು ಕನ್ನಡ. ಆದರೆ ನೆಂಟರ ಲೆಕ್ಕದಲ್ಲಿ ಮೂವರಿಗೂ ದುಭಾಷಿ ಬೇಡ. ಇಲ್ಲಿ ಮಾವ, ಅಲ್ಲಿ ಮಾಮ. ಇಲ್ಲಿ ಅತ್ತೆ, ಅಲ್ಲಿ ಅತ್ತೈ, ಆಚೆ ಅತ್ತ. ಲೂಯಿ ಹೆನ್ರಿ ಮಾರ್ಗನ್ ಎಂಬ ಅಮೆರಿಕದ ವಕೀಲನೊಬ್ಬ ಲೋಕದ ನೆಂಟಸ್ತಿಕೆಯ ಹೆಸರುಗಳನ್ನೆಲ್ಲ ಕಲೆಹಾಕಿ 1871ರಲ್ಲಿ ದೊಡ್ಡ ಗ್ರಂಥವನ್ನೇ ಅಚ್ಚುಹಾಕಿಸಿದ. ತಮಿಳು, ತೆಲುಗು, ಕನ್ನಡಗಳ ಪಟ್ಟಿಗಳೂ ಅದರಲ್ಲಿವೆ. ತನ್ನೂರಿನ ಕಡೆಯ ಸೆನೆಕಾ ಇಂಡಿಯನ್ನರ ಲೆಕ್ಕಕ್ಕೂ ನಮ್ಮ ಕಡೆಯ ಲೆಕ್ಕಕ್ಕೂ ಇರುವ ಹೋಲಿಕೆ ಕಂಡು ಆತ ಬೆರಗಾದ. ಎರಡೂ ಕಡೆ ಚಿಕ್ಕಪ್ಪನೂ ಒಬ್ಬ ಅಪ್ಪನೇ. ಸೋದರಮಾವ ಮಾತ್ರ ಬೇರೆ. ಇದನ್ನು ಹುಡುಗಿಗೆ ಹೇಳಿದೆ. “ಪರೀಕ್ಷೆಗೆ ಬರುತ್ತದಾ ಸಾರ್?” ಎಂದಳು.

ಪಟ್ಟಿಯಲ್ಲಿ ‘ನೇಬರ್’ ಸುಲಭವಾಗಿ ದಾಟಿತು. ಗಣಿಯ ಲೈನುಮನೆಗಳಲ್ಲಿ ಗೋಡೆಯಾಚೆ ಕೆಮ್ಮಿದರೆ ಈಚೆಯವರು ನೀರು ಕುಡಿಯುತ್ತಾರೆ. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ‘ಸಿಬ್ಲಿಂಗ್’ ಎಂದರೆ ಒಡಹುಟ್ಟು. ‘ಅಕ್ವೈಂಟೆನ್ಸ್’ ಬಳಿ ತಡವರಿಸಿದಳು. ಬರೀ ಮುಖಪರಿಚಯದವರು ಎಂದೆ. “ಅಂಥವರು ನಮ್ಮ ಲೈನಿನಲ್ಲಿ ಯಾರೂ ಇಲ್ಲವಲ್ಲ ಸಾರ್!” ಆದರೆ ‘ಡಿಪೆಂಡೆಂಟ್’ ಬಂದಾಗ ನನ್ನ ವಿವರಣೆಗೆ ಕಾಯಲಿಲ್ಲ. ಅದು ಅವರ ಮನೆಮಾತೇ. ಗಣಿ ನಡೆಯುತ್ತಿದ್ದಾಗ ಆಸ್ಪತ್ರೆಯ ಚೀಟಿಯ ಮೇಲೆ ಬಂದ ಶಬ್ದ, 2001ರ ಫೆಬ್ರವರಿಯ ಕೊನೆಗೆ ಗಣಿ ಮುಚ್ಚಿದ ಮೇಲೂ ಮನೆಯಲ್ಲೇ ಉಳಿದುಬಿಟ್ಟಿದೆ. ಅಕ್ಷರ ಬಾರದ ಅಜ್ಜಿಯರೂ ಅದನ್ನು ತಪ್ಪಿಲ್ಲದೆ ಹೇಳುತ್ತಾರೆ.

ಕೆಲಸ ಸಿಕ್ಕಿತು. ಸಿಕ್ಕ ವಾರವೇ ಒಂದು ಅರ್ಜಿ ಬಂತು. ನೌಕರರ ಮನೆಯವರಿಗೆ ಆರೋಗ್ಯ ವಿಮೆಯಂತೆ. ಡಿಪೆಂಡೆಂಟ್‌ಗಳ ಹೆಸರು, ಸಂಬಂಧ ಬರೆಯಬೇಕು. ಅಪ್ಪ, ಅಮ್ಮ ಬರೆದಳು. ಮೂರನೆಯ ಸಾಲಿನಲ್ಲಿ ಪೆನ್ನು ನಿಂತಿತು.

“ಮಾಮನಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಸಾರ್?”

ಮಾಮನನ್ನು ನಾನೂ ಬಲ್ಲೆ. ಜಗುಲಿಯ ಮೇಲೆ ಕೂತಿರುವ, ಎಪ್ಪತ್ತು ದಾಟಿದ ಮುದುಕರು. ಎದೆಯ ತುಂಬ ಗಣಿಯ ಧೂಳು. ರಕ್ತಸಂಬಂಧ ಒಂದು ತೊಟ್ಟೂ ಇಲ್ಲ, ಜಾತಿಯೂ ಬೇರೆ. ಅವಳ ತಾತನೂ ಇವರೂ ಒಂದೇ ಶಿಫ್ಟಿನಲ್ಲಿ, ಒಂದೇ ಕೇಜಿನಲ್ಲಿ ಗಣಿಗೆ ಇಳಿಯುತ್ತಿದ್ದವರು. ತಾತ ತೀರಿಕೊಂಡಾಗ ಅವಳ ಅಪ್ಪನಿಗೆ ಆರು ವರ್ಷ. ಅಂದಿನಿಂದ ಇವರ ಸಂಬಳದಲ್ಲಿ ಅರ್ಧ ಆ ಮನೆಗೆ ಬಂತು, ಇವರು ಮದುವೆಯಾಗಲಿಲ್ಲ. ಅಪ್ಪನಿಗೂ ಮಾಮ, ಮಗಳಿಗೂ ಮಾಮ. ಮಾರ್ಗನ್ ಸಾಹೇಬನ ಪಟ್ಟಿಯಲ್ಲಿ ಇಂಥ ಮಾಮನಿಗೆ ಮನೆಯಿಲ್ಲ. ಆದರೆ ಇವಳಿಗೆ ಕಿವಿ ಚುಚ್ಚಿಸಿದ್ದು ಇವರ ತೊಡೆಯ ಮೇಲೆಯೇ. ಸೋದರಮಾವ ಮಾಡಬೇಕಾದ್ದರಲ್ಲಿ ಯಾವುದನ್ನು ಬಿಟ್ಟರು?

ನಾನು ನಿಘಂಟು ತೆಗೆದೆ. ‘ಕಲೀಗ್’? ಸತ್ತ ತಾತನ ಕಲೀಗ್ ಬದುಕಿರುವ ಮೊಮ್ಮಗಳಿಗೆ ಏನಾಗಬೇಕು? ‘ಫ್ಯಾಮಿಲಿ ಫ್ರೆಂಡ್’ ಎಂದರೆ ಭಾನುವಾರ ಕಾಫಿಗೆ ಬಂದು ಹೋಗುವವರು. ‘ಗಾರ್ಡಿಯನ್’ಗೆ ಕೋರ್ಟಿನ ವಾಸನೆ. ‘ಅಂಕಲ್’ ಬರೆಯೋಣವೆಂದರೆ, ಬೆಂಚಿನ ಮೇಲೆ ಆಟೋದವರ ಪಕ್ಕಕ್ಕೆ ಇವರನ್ನು ತಳ್ಳಲು ಮನಸ್ಸು ಬಾರದು. ಕೊನೆಗೆ ಅವಳೇ ಇಂಗ್ಲಿಷ್ ಅಕ್ಷರದಲ್ಲಿ ‘ಮಾಮ’ ಎಂದು ಬರೆದು, ಇನ್ನೊಂದು ಹಾಳೆಯಲ್ಲಿ ನಾಲ್ಕು ಸಾಲಿನಲ್ಲಿ ಸಂಗತಿ ವಿವರಿಸಿ ಲಗತ್ತಿಸಿದಳು. ನಾಲ್ಕೂ ಸಾಲು ಶುದ್ಧವಾಗಿದ್ದವು. ನಾನು ಒಂದಕ್ಷರ ಮುಟ್ಟಲಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಇಷ್ಟೇ ಜನಕ್ಕೆ ಅವಕಾಶವಂತೆ. ಅತ್ಯಂತ ವಿನಯದ ಇಂಗ್ಲಿಷು.

ಈಗ ಅವಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾಳೆ, ರಾತ್ರಿ ಹಿಂದಿರುಗುತ್ತಾಳೆ. ಮೊದಲ ಸಂಬಳದಲ್ಲಿ ಮಾಮನ ಎದೆಯ ಔಷಧಿ ಒಂದು ತಿಂಗಳಿಗಾಗುವಷ್ಟು ತಂದಿಟ್ಟಿದ್ದಾಳೆ. ಮಾಮ ಅದನ್ನು ಬೀದಿಯವರಿಗೆಲ್ಲ ತೋರಿಸಿದರು, ನನಗೆ ಎರಡು ಸಲ. ‘ಕಲೀಗ್’ ಶಬ್ದದ ಸ್ಪೆಲಿಂಗನ್ನು ಮಾತ್ರ ಅವಳು ಇನ್ನೂ ತಪ್ಪು ಬರೆಯುತ್ತಾಳೆ.