ಬಾಯಲ್ಲಿ ನೀರೂರದ ಕಾಲ

ಎಂಟನೆಯ ತರಗತಿಯಲ್ಲಿ ನನ್ನ ವಿಜ್ಞಾನ ಪಾಠ ಕೇಳಿದವರಿಗೆ ಅವಲಕ್ಕಿಯ ಪ್ರಯೋಗ ನೆನಪಿರಬಹುದು. ನುಂಗದೆ ಅಗಿಯುತ್ತಲೇ ಇದ್ದರೆ ಅವಲಕ್ಕಿ ಸಿಹಿಯಾಗುತ್ತಿತ್ತು. ಪಿಷ್ಟವನ್ನು ಸಕ್ಕರೆಯಾಗಿಸುವುದು ಲಾಲಾರಸವೆಂದು ಬರೆಯಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಪಠ್ಯದಲ್ಲಿ ಅದಕ್ಕಿದ್ದ ಸ್ಥಾನ ಅಷ್ಟೇ. ಎಂಜಲೆಂದು ದೂರವಿಡುವ ವಸ್ತುವಾದ್ದರಿಂದಲೋ ಏನೋ, ಮನೆಗಳಲ್ಲಿಯೂ ಅದರ ಗುಣಗಾನ ಮಾಡಿದವರಿಲ್ಲ.

ಆರೋಗ್ಯವಂತರ ಬಾಯಲ್ಲಿ ದಿನವೊಂದಕ್ಕೆ ಸುಮಾರು 0.5ರಿಂದ 1.5 ಲೀಟರಿನಷ್ಟು ಲಾಲಾರಸ ಒಸರುತ್ತದೆ. ಸಿಹಿ ತಿಂದಾಗ ಬ್ಯಾಕ್ಟೀರಿಯಾಗಳು ಆಮ್ಲವನ್ನು ಉಂಟುಮಾಡುತ್ತವೆ. ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗತೊಡಗುತ್ತದೆ. ಲಾಲಾರಸವು ಆಮ್ಲವನ್ನು ತೊಳೆದು, ಶಮನಗೊಳಿಸಿ, ಕರಗಿಹೋದ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ಮರಳಿ ತುಂಬುತ್ತದೆ. ಆದರೆ ಮುಪ್ಪಿನಲ್ಲಿ ವಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮೆಲ್ಲಿನ ಹೊದಿಕೆಯಿಲ್ಲ. ಪಿಎಚ್ 6ರ ಮೇಲಿರುವಾಗಲೇ ಅದು ಕರಗಬಲ್ಲದು. ಇಂತಹ ಹೊತ್ತಿನಲ್ಲಿಯೇ ರಸವೂ ಬತ್ತಿದರೆ ಏನಾಗುತ್ತದೆಂಬುದನ್ನು ನಮ್ಮ ಅತ್ತಿಗೆಯವರಲ್ಲಿ ಕಂಡೆ.

ಎಪ್ಪತ್ತೆರಡರ ವಯಸ್ಸಿನಲ್ಲಿ ಅವರಿಗೆ ಸರ್ಪಸುತ್ತು ಆಯಿತು. ಗುಳ್ಳೆ ಒಣಗಿದ ಮೇಲೂ ಉಳಿದ ಉರಿನೋವಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ಮಾತ್ರೆ, ಹಗಲು ನೆಗಡಿಗೆಂದು ಅಲರ್ಜಿಯ ಮಾತ್ರೆ. ಬಾಯಿ ಒಣಗತೊಡಗಿತು. ಒಣಗಿದ ಬಾಯಿಗೆ ಕಲ್ಲುಸಕ್ಕರೆಯ ಡಬ್ಬಿ ದಿಂಬಿನ ಪಕ್ಕಕ್ಕೆ ಬಂದಿತು. ಒಂದೂವರೆ ವರ್ಷದಲ್ಲಿ ಮೂರು ಹಲ್ಲುಗಳು ವಸಡಿನ ಅಂಚಿನಲ್ಲಿಯೇ ಹುಳುಕಾಗಿ ಮುರಿದವು. "ವಯಸ್ಸಾಯಿತಲ್ಲ" ಎಂದರು ಬಂದವರೆಲ್ಲ. ಈ ಮಾತು ನನಗೆ ಎಂದೂ ಹಿಡಿಸಿದ್ದಲ್ಲ. ಕಾರಣವನ್ನು ಹುಡುಕುವ ಶ್ರಮವನ್ನು ಅದು ತಪ್ಪಿಸುತ್ತದೆ.

ದಂತವೈದ್ಯರು ಬಾಯಿ ನೋಡುವ ಮೊದಲು ಕೇಳಿದ್ದು ಮಾತ್ರೆಗಳ ಚೀಟಿಯನ್ನು. ವೃದ್ಧರ ಬಾಯಿ ಒಣಗುವುದಕ್ಕೆ ವಯಸ್ಸಿಗಿಂತಲೂ ಔಷಧಗಳೇ ಹೆಚ್ಚು ಕಾರಣವಂತೆ: ಖಿನ್ನತೆಯವು, ಅಲರ್ಜಿಯವು, ಮೂತ್ರ ತಡೆಯಲಾಗದವರಿಗೆ ಕೊಡುವಂಥವು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದೆಂದು ಎಚ್ಚರಿಸಿ, ಬರೆದುಕೊಟ್ಟ ವೈದ್ಯರ ಬಳಿಗೇ ಕಳುಹಿಸಿದರು. ಅವರು ಒಂದನ್ನು ಬದಲಿಸಿ ಇನ್ನೊಂದರ ಪ್ರಮಾಣ ಇಳಿಸಿದರು. ಹೆಚ್ಚು ಫ್ಲೋರೈಡ್ ಇರುವ ಪೇಸ್ಟು, ಆಗಾಗ ಗುಟುಕು ನೀರು, ಸಕ್ಕರೆಯಿಲ್ಲದ ಚೂಯಿಂಗ್ ಗಮ್. ನಿದ್ರೆಯಲ್ಲಿ ಲಾಲಾರಸ ಬಹುಮಟ್ಟಿಗೆ ನಿಂತೇಹೋಗುವುದರಿಂದ, ಮಲಗುವ ಮುನ್ನ ಕುಡಿಯುತ್ತಿದ್ದ ಸಕ್ಕರೆ ಹಾಲೂ ಹಲ್ಲುಜ್ಜುವುದಕ್ಕಿಂತ ಮೊದಲಿಗೆ ಸರಿಯಿತು.

"ಇದೆಲ್ಲ ಯಾಕೆ, ಉಳಿದವನ್ನೂ ಕೀಳಿಸಿ ಸೆಟ್ಟು ಹಾಕಿಸಿಕೊಳ್ಳುತ್ತೇನೆ" ಎಂದು ಅತ್ತಿಗೆ ಒಮ್ಮೆ ಸಿಟ್ಟಾದರು. ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುವುದಕ್ಕೂ ಅದೇ ರಸ ಬೇಕೆಂದು ವೈದ್ಯರು ಹೇಳಿದ ಮೇಲೆ ಸುಮ್ಮನಾದರು.

ದೂರದ ಊರುಗಳಲ್ಲಿರುವ ನೀವು ತಂದೆತಾಯಿಯರಿಗೆ ಫೋನು ಮಾಡಿದಾಗ, ಒಣ ಅನ್ನ ನುಂಗಲು ನೀರು ಬೇಕಾಗುತ್ತಿದೆಯೇ, ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟುತ್ತಿದೆಯೇ ಎಂದೊಮ್ಮೆ ಕೇಳಿರಿ. ತಾವಾಗಿ ಅವರು ಹೇಳುವುದಿಲ್ಲ.

ಅತ್ತಿಗೆಯವರ ಹೋದ ಮೂರು ಹಲ್ಲುಗಳು ಹೋದಂತೆಯೇ. ಹೊಸದಾಗಿ ಯಾವುದೂ ಹುಳುಕಾಗಿಲ್ಲ. ಕಲ್ಲುಸಕ್ಕರೆಯ ಡಬ್ಬಿಯಲ್ಲಿ ಈಗ ಏಲಕ್ಕಿ ಇದೆ.