ಹೊಂಗೆ ಎಣ್ಣೆಯ ಲಾಟೀನು

ಲಾಟೀನಿಗೆ ಹೊಂಗೆ ಎಣ್ಣೆ ಹಾಕಿ ಕಡ್ಡಿ ಗೀರಿದರೆ ಅದು ಹತ್ತುತ್ತದೆ. ಹತ್ತದೇ ಹೋಗಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹೊಸ ಬತ್ತಿಯನ್ನು ಎಣ್ಣೆಯಲ್ಲಿ ಪೂರ್ತಿ ಅದ್ದಿ ಏರಿಸಿದ್ದೆ. ಅದು ಹೀರಿಕೊಂಡಿದ್ದ ಎಣ್ಣೆಯೇ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಚೆಂದವಾಗಿ ಉರಿಯಿತು. ಅದೂ ಹಾಡಹಗಲು, ಜಗಲಿಯ ಮೇಲೆ. ಇಷ್ಟು ಸಾಕೆಂದು ಆರಿಸಿ, ಮನೆಯಲ್ಲಿದ್ದ ಲಾಟೀನುಗಳಿಗೆಲ್ಲ ಅದೇ ಎಣ್ಣೆ ತುಂಬಿಟ್ಟೆ.

ನಮ್ಮದು ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಮರ ಬಿತ್ತೆಂದರೆ ಕರೆಂಟು ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಇನ್ವರ್ಟರ್ ಮೊದಲ ರಾತ್ರಿಯೇ ಕೈಚೆಲ್ಲುತ್ತದೆ. ನಾನಾಗ ಬೆಂಗಳೂರು ಬಿಟ್ಟು ಊರಿಗೆ ಬಂದ ಹೊಸತು. ತಲೆಯಲ್ಲಿ ಸ್ವಾವಲಂಬನೆಯ ಹುಚ್ಚು. ರೇಷನ್ ಅಂಗಡಿಯ ನೀಲಿ ಬಣ್ಣದ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಅಪರೂಪವಾಗುತ್ತ ಬಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸಿ ಹಳ್ಳಿಗೆ ಕರೆಂಟು ಕೊಟ್ಟ ಕಥೆಯನ್ನು ಓದಿದ್ದೆ. ಎಂಜಿನ್ನೇ ಓಡುವುದಾದರೆ ಒಂದು ಲಾಟೀನು ಉರಿಯದೇ? ಹಾನಗಲ್ ಕಡೆಯ ಗಾಣದಿಂದ ಒಂದು ಡಬ್ಬಿ ತರಿಸಿಯೇಬಿಟ್ಟೆ. ಎಂಜಿನ್ನಿನಲ್ಲಿ ಪಂಪು ಎಣ್ಣೆಯನ್ನು ಒತ್ತಿ ಒಳಗೆ ಕಳಿಸುತ್ತದೆ, ಲಾಟೀನಿನಲ್ಲಿ ಬತ್ತಿ ಅದನ್ನು ತಾನೇ ಎಳೆದುಕೊಳ್ಳಬೇಕು ಎಂಬುದು ಬಿ.ಎಸ್ಸಿ. ಓದಿದ ತಲೆಗೆ ಹೊಳೆಯಲಿಲ್ಲ.

ಚೌತಿಗೆ ಮುಂಚೆ ನಮ್ಮ ಕಡೆ ಚಕ್ಕುಲಿ ಕಂಬಳ ನಡೆಯುತ್ತದೆ. ಕೇರಿಯವರೆಲ್ಲ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರಿ, ಹಿಟ್ಟನ್ನು ಕೈಯಲ್ಲೇ ಹೊಸೆದು ಸುತ್ತಿ ಕೈಚಕ್ಕುಲಿ ಮಾಡುವ ಪದ್ಧತಿ. ಆ ಸಲ ನಮ್ಮ ಮನೆಯ ಸರದಿ ಬಂದ ದಿನ ಬೆಳಗಿನ ಜಾವಕ್ಕೇ ಜನ ಬಂದರು. ಕರೆಂಟು ಇರಲಿಲ್ಲ. ನಾನು ಹೆಮ್ಮೆಯಿಂದ ಲಾಟೀನುಗಳನ್ನು ಹೊತ್ತಿಸಿದೆ. ಎಲ್ಲಕ್ಕಿಂತ ದೊಡ್ಡದನ್ನು ಹಿಟ್ಟಿನ ಹರಿವಾಣದ ನೇರ ಮೇಲಕ್ಕೆ, ತೊಲೆಯ ಕೊಕ್ಕೆಗೆ ತೂಗುಹಾಕಿದೆ. ಬೆಳಕು ಮೇಲಿಂದ ಬಿದ್ದರೆ ಒಳ್ಳೆಯದಲ್ಲವೇ ಎಂದು ನನ್ನ ಲೆಕ್ಕ.

ಎಣ್ಣೆ ಕಾದು, ಮೊದಲ ಚಕ್ಕುಲಿಗಳು ಬಾಣಲೆಗೆ ಬೀಳುವ ಹೊತ್ತಿಗೆ ದೀಪಗಳು ಒಂದೊಂದಾಗಿ ಕೆಂಪಗಾದವು. ಬತ್ತಿ ಏರಿಸಿದೆ. ಒಂದು ಗಳಿಗೆ ಬೆಳಗಿ ಮತ್ತೆ ಮಂಕಾದವು. ಇನ್ನಷ್ಟು ಏರಿಸಿದೆ. ಈಗ ಬತ್ತಿಯ ತುದಿ ಕೆಂಡವಾಗಿ ಗಾಜಿನ ತುಂಬ ಹೊಗೆ. ಹರಿವಾಣದ ಮೇಲಂತೂ ಲಾಟೀನಿನ ಎಣ್ಣೆಬುಡದ ದುಂಡನೆಯ ನೆರಳು ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ. ದೊಡ್ಡಮ್ಮ ಒಲೆಯ ಬುಡದಿಂದಲೇ ಕೇಳಿದಳು: “ಎಂತದಾ ಮಾಣಿ, ದೀಪ ಹಚ್ಚಿದ್ಯಾ, ಆರ್ಸಿದ್ಯಾ?”

ಎಲ್ಲರೂ ನಕ್ಕರು. ಆ ನಗೆಗೇ ನಾನು ಅವಸರಕ್ಕೆ ಬಿದ್ದದ್ದು. ದೊಡ್ಡ ಲಾಟೀನನ್ನು ಇಳಿಸಿ, ಹೊಂಗೆ ಎಣ್ಣೆ ಚೆಲ್ಲಿ, ದೊಡ್ಡಮ್ಮ ಅಡಗಿಸಿಟ್ಟಿದ್ದ ಚಿಮಣಿ ಎಣ್ಣೆ ತುಂಬಿದೆ. ಬತ್ತಿಯ ಕರಕಲನ್ನು ಕತ್ತರಿಸಿದೆ. ಗಾಜಿನ ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ, ಒಣಗಿಸದೇ ಕೂರಿಸಿ, ಬತ್ತಿಯನ್ನು ಒಮ್ಮೆಲೇ ಪೂರ್ತಿ ಏರಿಸಿ ಮತ್ತೆ ಅದೇ ಕೊಕ್ಕೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಫಟ್ ಎಂದಿತು. ಗಾಜಿನ ಚೂರುಗಳು ಸೀದಾ ಹಿಟ್ಟಿಗೆ ಬಿದ್ದವು.

ಯಾರಿಗೂ ಗಾಯವಾಗಲಿಲ್ಲ. ಹರಿವಾಣದ ಹಿಟ್ಟಷ್ಟನ್ನೂ ಗುಂಡಿ ತೋಡಿ ಮುಚ್ಚಬೇಕಾಯಿತು. ಗಾಜು ಸೇರಿದ್ದನ್ನು ದನಕ್ಕೆ ಹಾಕುವಂತೆಯೂ ಇಲ್ಲ. ಉಳಿದ ಹಿಟ್ಟಿನ ಚಕ್ಕುಲಿಗಳನ್ನು ನೆರೆಮನೆಯವರು ತಲೆಗೆ ಕಟ್ಟಿಕೊಂಡಿದ್ದ ಟಾರ್ಚಿನ ಬೆಳಕಿನಲ್ಲಿ ಮುಗಿಸಿದರು. ಆ ಹಿಟ್ಟಿಗಾಗಿ ದೊಡ್ಡಮ್ಮ ಅಕ್ಕಿ ಆರಿಸಿ, ತೊಳೆದು, ನೆರಳಿಗೆ ಒಣಗಿಸಿ, ಹದ ನೋಡಿ ಬೀಸಿಸಿದ್ದಳು. ಅವಳು ನನ್ನನ್ನು ಬೈಯಲಿಲ್ಲ. ಕೇರಿ ಮಾತ್ರ ಈಗಲೂ ನನ್ನನ್ನು ಹೊಂಗೆ ಎಂಜಿನಿಯರ್ ಎನ್ನುತ್ತದೆ.

ಹೊಂಗೆ ಎಣ್ಣೆಯದು ಇದರಲ್ಲಿ ಏನೂ ತಪ್ಪಿಲ್ಲ. ಅದು ಚಿಮಣಿ ಎಣ್ಣೆಗಿಂತ 20 ಪಟ್ಟಿಗೂ ಹೆಚ್ಚು ಮಂದ. ಲಾಟೀನಿನಲ್ಲಿ ಎಣ್ಣೆ ಬುಡದಲ್ಲಿರುತ್ತದೆ, ಜ್ವಾಲೆ ಹಲವು ಬೆರಳು ಮೇಲೆ. ತೆಳುವಾದ ಚಿಮಣಿ ಎಣ್ಣೆ ಬತ್ತಿಯ ನೂಲುಗಳ ನಡುವೆ ಅಷ್ಟೆತ್ತರವನ್ನು ಸಲೀಸಾಗಿ ಏರುತ್ತದೆ. ಮಂದ ಎಣ್ಣೆ ಏರುವಷ್ಟರಲ್ಲಿ ಮೇಲಿನದು ಮುಗಿದಿರುತ್ತದೆ. ಆಮೇಲೆ ಉರಿಯುವುದು ಬತ್ತಿಯೇ. ಹಣತೆಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಬತ್ತಿ ಎಣ್ಣೆಯಲ್ಲೇ ಮಲಗಿರುತ್ತದೆ, ಜ್ವಾಲೆಗೂ ಎಣ್ಣೆಗೂ ಕಾಳಿನಷ್ಟು ಅಂತರ, ಸಾಲದ್ದಕ್ಕೆ ಜ್ವಾಲೆಯ ಕಾವಿಗೆ ಎಣ್ಣೆಯೂ ಕೊಂಚ ತೆಳುವಾಗುತ್ತದೆ. ಇನ್ನೂ ಎಷ್ಟೋ ಮಂದವಾದ ಹರಳೆಣ್ಣೆ ಕೂಡ ಹಣತೆಯಲ್ಲಿ ನಿಧಾನವಾಗಿ, ಹೆಚ್ಚು ಮಸಿಯಿಲ್ಲದೆ ಉರಿಯುವುದು ಇದರಿಂದಲೇ. ಹಳೆಯ ಕೆಲವು ತೂಗುದೀಪಗಳಲ್ಲಿ ಮೇಲೊಂದು ಹಕ್ಕಿ ಕೂತಿರುತ್ತದಲ್ಲ, ಅದನ್ನು ನಾನು ಬರಿಯ ಅಲಂಕಾರವೆಂದುಕೊಂಡಿದ್ದೆ. ಅದರ ಹೊಟ್ಟೆಯಲ್ಲಿ ಎಣ್ಣೆ ಇರುತ್ತದೆ. ಕೆಳಗಿನ ಬಟ್ಟಲಿನ ಮಟ್ಟ ಇಳಿದ ಹಾಗೆ ಅದರಿಂದ ತೊಟ್ಟಿಕ್ಕಿ, ಎಣ್ಣೆ ಜ್ವಾಲೆಯಿಂದ ದೂರವಾಗದಂತೆ ಕಾಯುತ್ತದೆ. ಯುರೋಪಿನವರೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದರು. 1800ರಲ್ಲಿ ಫ್ರಾನ್ಸಿನ ಕಾರ್ಸೆಲ್ ಎಂಬಾತ ಗಡಿಯಾರದ ಚಕ್ರಗಳಿಂದ ನಡೆಯುವ ಪಂಪನ್ನು ದೀಪದೊಳಗೆ ಕೂರಿಸಿ ಎಣ್ಣೆಯನ್ನು ಮೇಲಕ್ಕೆ ತಳ್ಳಿಸಿದ. ಚಿಮಣಿ ಎಣ್ಣೆ ಬಂದ ಮೇಲೆ ಆ ಪಂಪು ಬೇಡವಾಯಿತು. ಪಂಪಿಲ್ಲದ ದೀಪಕ್ಕೆ ಪಂಪು ಬೇಕಾದ ಎಣ್ಣೆ ಸುರಿದವನು ನಾನು.

ಹೀಗಾಗಿ ಈಗ ಯಾರಾದರೂ ಯಾವ ದೀಪ ತರಲಿ ಎಂದು ಕೇಳಿದರೆ, ಯಾವ ಎಣ್ಣೆ ಸಿಗುತ್ತದೆ, ಯಾವ ಕೆಲಸಕ್ಕೆ ಬೇಕು ಎಂದು ಮೊದಲು ಕೇಳುತ್ತೇನೆ. ಮಕ್ಕಳು ಓದಬೇಕು, ಕೊಟ್ಟಿಗೆಗೆ ಹೋಗಿಬರಬೇಕು ಎಂದರೆ ಚಿಮಣಿ ಎಣ್ಣೆಯ ಲಾಟೀನೇ ಸರಿ. ಅದರ ಎರಡು ಬದಿಯ ಕೊಳವೆಗಳು ಗಾಜಿನ ಕಾವಲಿಗೆ ಮಾತ್ರ ಇರುವುದಲ್ಲ, ಅವುಗಳ ಮೂಲಕ ಗಾಳಿ ಇಳಿದು ಬತ್ತಿಯ ಬುಡ ಸೇರುತ್ತದೆ. ಕೊಳವೆ ನೆಗ್ಗಿದ್ದರೆ ಅಥವಾ ಬರ್ನರಿನ ಸಣ್ಣ ತೂತುಗಳು ಕಟ್ಟಿಕೊಂಡಿದ್ದರೆ ಎಂಥ ಎಣ್ಣೆಯೂ ಕೆಂಪಗೇ ಉರಿಯುತ್ತದೆ. ಹೊಂಗೆಯ ಅಂಟು ಮಸಿ ನನ್ನ ಲಾಟೀನುಗಳಿಗೆ ಮಾಡಿದ್ದೂ ಅದನ್ನೇ. ಬರ್ನರುಗಳನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ತಿಕ್ಕಿದ ಮೇಲೆ ಸರಿಹೋದವು. ಬತ್ತಿಗಳನ್ನು ಎಸೆದು ಹೊಸತು ಹಾಕಿದೆ. ಮಂದ ಎಣ್ಣೆ ಕುಡಿದ ಬತ್ತಿ ಮತ್ತೆ ಸರಿಯಾಗಿ ಎಳೆಯುವುದಿಲ್ಲ.

ನಮ್ಮ ಅಜ್ಜನ ಕಾಲದ ಒಂದು ಲಾಟೀನು ಪ್ರಭಾತ್, ಕರಾಡದ ಹತ್ತಿರದ ಒಗಲೆವಾಡಿಯ ಗಾಜಿನ ಕಾರ್ಖಾನೆಯದು. ಅದು ಇವತ್ತಿಗೂ ಹೊಗೆಯಾಡುವುದಿಲ್ಲ. ದೊಡ್ಡಮ್ಮ ಅದನ್ನು ನನ್ನ ಕೈಗೆ ಕೊಟ್ಟಿರಲಿಲ್ಲ. ಅವಳು ಅದನ್ನು ಹೊತ್ತಿಸುವುದನ್ನು ಆಮೇಲೆ ಪಕ್ಕದಲ್ಲಿ ಕೂತು ನೋಡಿದೆ. ಗಾಜನ್ನು ಒಲೆಯ ಬೂದಿಯಲ್ಲಿ ಒಣಗಿದ್ದಾಗಲೇ ಉಜ್ಜುತ್ತಾಳೆ. ಬತ್ತಿಯನ್ನು ನೇರಕ್ಕೆ ಕತ್ತರಿಸಿ, ಎರಡು ಮೂಲೆಗಳನ್ನು ಮಾತ್ರ ಒಂದಿಷ್ಟು ಸವರುತ್ತಾಳೆ. ಮೂಲೆ ಚೂಪಾಗಿ ಉಳಿದರೆ ಜ್ವಾಲೆಗೆ ಕೊಂಬು ಮೂಡಿ ಗಾಜಿನ ಒಂದೇ ಬದಿ ಕಪ್ಪಾಗುತ್ತದೆ. ಬುಡವನ್ನು ಗಂಟಲವರೆಗೆ ತುಂಬುವುದಿಲ್ಲ. ಹೊತ್ತಿಸಿದ ಮೇಲೆ ಬತ್ತಿ ಇಳಿಸಿಟ್ಟು, ಗಾಜು ಬೆಚ್ಚಗಾಗುವವರೆಗೆ ಬೇರೆ ಕೆಲಸ ನೋಡಿ, ಆಮೇಲೆ ಬಂದು ಏರಿಸುತ್ತಾಳೆ. ನಾನು ಆ ದಿನ ಉಳಿಸಲು ಹೋದದ್ದು ಈ ಎರಡು ಮೂರು ನಿಮಿಷವನ್ನೇ. ದೀಪವನ್ನು ತೂಗುಹಾಕದೆ ಕೂತವರ ಎದೆಯ ಮಟ್ಟಕ್ಕೆ, ಸುಣ್ಣ ಬಳಿದ ಗೋಡೆಯ ಗೂಡಿನಲ್ಲಿ ಇಡುತ್ತಾಳೆ. ಬೆಳಕು ಗೋಡೆಗೆ ಬಡಿದು ತಿರುಗಿ ಬರುತ್ತದೆ, ಬುಡದ ನೆರಳು ಗೂಡಿನಲ್ಲೇ ಉಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಅವಳ ಮಾತು ಕೇಳಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಅವಳದೊಂದು ಗಾಜಿಲ್ಲದ ಚಿಮಣಿ ಬುಡ್ಡಿ ಇತ್ತು. ಎಣ್ಣೆ ಕಡಿಮೆ ಸಾಕೆಂದು ಅದೇ ಅವಳಿಗೆ ಇಷ್ಟ. ಇಂಥ ಬುಡ್ಡಿಗಳಲ್ಲಿ ಸುಟ್ಟ ಎಣ್ಣೆಯ ತೂಕದ ಶೇ. 7ರಿಂದ 9ರಷ್ಟು ಬರಿಯ ಮಸಿಯಾಗಿ ಗಾಳಿಗೆ ಸೇರುತ್ತದೆಂದು ಅಮೆರಿಕದ ಸಂಶೋಧಕರು 2012ರಲ್ಲಿ ಅಳೆದು ಹೇಳಿದ್ದಾರೆ. ಗಾಜಿನ ಲಾಟೀನಿನಲ್ಲಿ ಅದು ಎಷ್ಟೋ ಕಡಿಮೆ. ಮಸಿಗಿಂತ ನನಗೆ ಹೆಚ್ಚಿನ ಹೆದರಿಕೆ ಅದು ಮಗುಚುವುದರದು. ಹಣತೆ ಮಗುಚಿದರೆ ಎಣ್ಣೆ ಚೆಲ್ಲಿ ಬಹುಮಟ್ಟಿಗೆ ಬೆಂಕಿ ಆರುತ್ತದೆ, ಏಕೆಂದರೆ ಬೀಜದೆಣ್ಣೆ 200 ಡಿಗ್ರಿ ದಾಟಿ ಕಾಯದೆ ಅದರ ಆವಿ ಕಿಡಿಗೆ ಹತ್ತಿಕೊಳ್ಳುವುದಿಲ್ಲ. ಚಿಮಣಿ ಎಣ್ಣೆಗೆ ನಮ್ಮ ಸರಕಾರಿ ಮಾನಕ ಕೇಳುವುದೇ 35 ಡಿಗ್ರಿ. ಅಂದರೆ ಬೇಸಿಗೆಯ ಮಧ್ಯಾಹ್ನದ ಬಿಸಿಯಲ್ಲೇ ಅದರ ಆವಿ ಕಿಡಿಗೆ ಕಾದಿರಬಹುದು. ಉರಿಯುವ ದೀಪಕ್ಕೆ ಎಣ್ಣೆ ಹೊಯ್ಯಬಾರದು, ಹಣತೆಗೆ ಚಿಮಣಿ ಎಣ್ಣೆ ಹಾಕಲೇಬಾರದು ಎನ್ನುವುದು ಇದಕ್ಕೇ. ಬುಡ್ಡಿಯನ್ನು ಅಟ್ಟಕ್ಕೆ ಹಾಕಿದೆ. ಅವಳು ಅದನ್ನು ಇಳಿಸಿಕೊಂಡಳು. ಮತ್ತೆ ಹಾಕಿದೆ. ಕೊನೆಗೆ ಅಡುಗೆಮನೆಗೆಂದೇ ಒಂದು ಸಣ್ಣ ಲಾಟೀನು ತಂದುಕೊಟ್ಟ ಮೇಲೆ ಜಗಳ ನಿಂತಿತು.

ಈಗ ನಮ್ಮಲ್ಲೂ ಸೋಲಾರ್ ದೀಪಗಳಿವೆ, ಒಳ್ಳೆಯ ಬೆಳಕು. ಸೂರ್ಯನೇ ಕಾಣದ ಆಷಾಢದ ವಾರಗಳಲ್ಲಿ ಅವು ಬೇಗ ಸೋಲುತ್ತವೆ, ಆಗ ಲಾಟೀನೇ ಬೇಕು. ಚಿಮಣಿ ಎಣ್ಣೆ ಹುಡುಕುವುದೇ ಈಗಿನ ಕಷ್ಟ. ಹೋದ ಮಳೆಗಾಲದಲ್ಲಿ ಕೆಳಗಿನ ಮನೆಯ ಹುಡುಗ ಬಂದು, “ಅಣ್ಣಾ, ಲಾಟೀನಿಗೆ ಡೀಸೆಲ್ ಹಾಕಿದ್ರೆ ಹತ್ತುತ್ತಾ?” ಎಂದು ಕೇಳಿದ. ಹತ್ತುತ್ತದೆ ಎಂದೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡು, ಒಳಗೆ ಹೋಗಿ ನಮ್ಮ ಡಬ್ಬಿಯಿಂದ ಅವನಿಗೊಂದು ಬಾಟಲಿ ಚಿಮಣಿ ಎಣ್ಣೆ ತುಂಬಿಸಿ ಕೊಟ್ಟೆ.