ಉಳಿದ ಅಡಿಗೆ ಯಾರ ಗಂಗಾಳಕ್ಕೆ?

ಉಳಿದ ಅಡಿಗೇಲಿ ಏನೇನ್ ಮಾಡ್ತೀಯಾ, ಇಷ್ಟು ಜನದ ಮನೆ ಹೆಂಗೆ ತೂಗಿಸ್ತೀಯಾ ಅಂತ ನಮ್ಮ ಓಣಿಯೋರು, ನಾದಿನಿ ಮಕ್ಕಳು ಬಹಳ ದಿನದಿಂದ ಕೇಳ್ತಿದ್ರು. ನನಗೆ ಗೊತ್ತಿರೋದು ಹೇಳ್ತೀನಿ. ಕೊನೆಗೆ ಒಂದು ಮಾತು ಐತಿ, ಅದನ್ನ ಬಿಡದೆ ಓದ್ರಿ.

ನನ್ನ ತವರು ಜಗಳೂರು ಕಡೆ. ಕೊಟ್ಟಿದ್ದು ಚನ್ನಗಿರಿ ತಾಲೂಕಿಗೆ. ಅಕ್ಕ ಹೊನ್ನಾಳಿ ಸೊಸೆ, ತಂಗಿ ನ್ಯಾಮತಿ ಸೊಸೆ. ಈಗ ಎಲ್ಲಾ ಒಂದೇ ದಾವಣಗೆರೆ ಜಿಲ್ಲೆ. 1997ರ ಆಗಸ್ಟ್ 15ಕ್ಕೆ ಜಿಲ್ಲೆ ಆಗೋಕೆ ಮುಂಚೆ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲೂಕಿನಾಗೇ ಇತ್ತು. ಜಿಲ್ಲೆ ಒಂದಾದ್ರೂ ಒಲೆ ಮ್ಯಾಲಿನ ಪಾತ್ರೆ ಇನ್ನೂ ಬೇರೆ ಬೇರೆನೇ. ತವರಿನ್ಯಾಗೆ ಮಳೆ ನಂಬಿದ ಹೊಲ. ಜೋಳ, ರಾಗಿ, ಶೇಂಗಾ, ಈಗೀಗ ಎಲ್ಲಿ ನೋಡಿದ್ರೂ ಮೆಕ್ಕೆಜೋಳ. ಈ ಕಡೆ ಭದ್ರಾ ನಾಲೆ, ಸೂಳೆಕೆರೆ ನೀರು. ಭತ್ತ, ಅಡಿಕೆ ತೋಟ. ಅದಕ್ಕೇ ಅಲ್ಲಿ ಉಳಿಯೋದು ರೊಟ್ಟಿ, ಮುದ್ದೆ. ಇಲ್ಲಿ ಉಳಿಯೋದು ಅನ್ನ. ನಾನು ಎರಡೂ ಕಲಿತೆ.

ಮೊದಲು ರೊಟ್ಟಿ ಹೇಳ್ತೀನಿ. ಜೋಳದ ರೊಟ್ಟಿ ಮೊದಲ ದಿನ ಮೆತ್ತಗೆ ಪಲ್ಯದ ಜೊತೆ. ಉಳಿದಿದ್ದನ್ನ ಒಂದರ ಮ್ಯಾಲೊಂದು ಇಡಬ್ಯಾಡ್ರಿ, ಬೆವರಿ ಬೂಸ್ಟು ಬರ್ತತಿ. ಸಣ್ಣ ಉರಿ ಹಂಚಿನ ಮ್ಯಾಲೆ ಬಟ್ಟೆಯಿಂದ ಒತ್ತಿ ಒಣಗಿಸಿದ್ರೆ ಕಟಕ್ ರೊಟ್ಟಿ, ಡಬ್ಬಿಗೆ ಹಾಕಿದ್ರೆ ವಾರಗಟ್ಟಲೆ ಇರ್ತತಿ. ಹಸಿವಾದಾಗ ಮುರಿದು ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಪುಡಿ ಹಾಕ್ಕೊಂಡು ತಿನ್ನೋದು. ಚೂರು ಪಾರು ಉಳಿದಿದ್ದಕ್ಕೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಒಗ್ಗರಣೆ ಕೊಟ್ರೆ ಬೆಳಗಿನ ತಿಂಡಿ ಆತು. ಚಪಾತಿ ಉಳಿದ್ರೆ ಮಕ್ಕಳಿಗೆ ಮಾದ್ಲಿ. ಒಣಗಿಸಿ, ಮಿಕ್ಸಿಗೆ ತರಿ ತರಿ ಹಾಕಿ, ಬೆಲ್ಲ, ಒಣಕೊಬ್ಬರಿ, ಚೂರು ಯಾಲಕ್ಕಿ ಬೆರೆಸಿದ್ರೆ ಅಂಗಡಿ ತಿಂಡಿ ಬೇಡ ಅಂತಾರೆ.

ರಾಗಿ ಮುದ್ದೆ ಉಳಿದ್ರೆ ನಮ್ಮವ್ವ ತಣ್ಣೀರಿನ್ಯಾಗೆ ಹಾಕಿ ಇಡ್ತಿದ್ಲು. ಬೆಳಗ್ಗೆ ಕೈಯಿಂದ ಕಿವುಚಿ, ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಕಿದ್ರೆ ಹೊಲಕ್ಕೆ ಹೋಗೋರಿಗೆ ಅಂಬಲಿ. ಬ್ಯಾಸಿಗೇಲಿ ಅದರ ಮುಂದೆ ಬಾಟ್ಲಿ ಜ್ಯೂಸು ಏನೂ ಅಲ್ಲ.

ಇನ್ನ ಹುರುಳಿ. ಒಂದು ಸಲ ಬೇಯಿಸಿದ್ರೆ ಮೂರು ಹೊತ್ತು ಕಳೀತತಿ. ರಾತ್ರಿ ನೆನೆಸಿ, ಬೆಳಗ್ಗೆ ಜಾಸ್ತಿ ನೀರಿಟ್ಟು ಬೇಯಿಸಿ. ಬಸಿದ ಕಟ್ಟಿಗೆ ಹುಣಸೆಹಣ್ಣು, ಖಾರದ ಪುಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ರೆ ಮುದ್ದೆಗೂ ಅನ್ನಕ್ಕೂ ಸಾರು. ಬೆಂದ ಕಾಳಿಗೆ ಕೊಬ್ಬರಿ ತುರಿ ಹಾಕಿದ್ರೆ ಪಲ್ಯ. ರಾತ್ರಿ ಪಲ್ಯ ಉಳಿದ್ರೆ ಅದನ್ನೇ ಹಿಸುಕಿ ಅಕ್ಕಿಹಿಟ್ಟಿಗೆ ಕಲಿಸಿ ರೊಟ್ಟಿ ತಟ್ಟಿ. 2023ರ ಜುಲೈನಾಗೆ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ನಮ್ಮ ಮನ್ಯಾಗೆ ಸಾರಿಗೆ ಟೊಮೆಟೊನೇ ಹಾಕಲಿಲ್ಲ. ಹುಣಸೆಹಣ್ಣಿನ್ಯಾಗೇ ನಡೀತು, ಯಾರಿಗೂ ಗೊತ್ತಾಗಲಿಲ್ಲ. ಹೀರೇಕಾಯಿ ಸಿಪ್ಪೆನೂ ಕಸದ ಬುಟ್ಟಿಗೆ ಹಾಕಬ್ಯಾಡ್ರಿ. ಎಣ್ಣೇಲಿ ಹುರಿದು, ಉದ್ದಿನಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು ಸೇರಿಸಿ ರುಬ್ಬಿದ್ರೆ ಚಟ್ನಿ.

ಈಗ ಅನ್ನ. ಚಿತ್ರಾನ್ನ ಎಲ್ಲರಿಗೂ ಗೊತ್ತೇ ಐತಿ. ನ್ಯಾಮತಿ ತಂಗಿ ಕಲಿಸಿದ್ದು ಹೇಳ್ತೀನಿ. ಉಳಿದ ಅನ್ನ ನುಣ್ಣಗೆ ಹಿಸುಕಿ, ಹಿಡಿವಷ್ಟು ಅಕ್ಕಿಹಿಟ್ಟು, ಉಪ್ಪು ಹಾಕಿ ನಾದಿ ರೊಟ್ಟಿ ತಟ್ರಿ. ಬರೀ ಹಿಟ್ಟಿನ ರೊಟ್ಟಿಗಿಂತ ಮೆತ್ತಗೆ, ಬುತ್ತಿ ಕಟ್ಟಿದ್ರೂ ಬಿರುಸಾಗಲ್ಲ. ಹೊನ್ನಾಳಿ ಅಕ್ಕ ಬ್ಯಾಸಿಗೇಲಿ ಅನ್ನಕ್ಕೆ ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ರುಬ್ಬಿ ಕಲಿಸಿ ಪ್ಲಾಸ್ಟಿಕ್ ಹಾಳೆ ಮ್ಯಾಲೆ ಸಂಡಿಗೆ ಇಡ್ತಾಳೆ. ಮಳೆಗಾಲಕ್ಕೆ ಡಬ್ಬಿ ತುಂಬ ಇರ್ತಾವೆ.

ರೇಷನ್ ಅಕ್ಕಿ ಬಗ್ಗೆ ಒಂದು ಮಾತು. ಅಕ್ಕಿ ತೊಳೆಯೋವಾಗ ಕೆಲವು ಕಾಳು ಬೇರೆ ಬಣ್ಣ ಇರಬೌದು, ತೇಲಬೌದು. ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಚೆಲ್ಲೋರನ್ನ ನಾನು ಕಣ್ಣಾರೆ ನೋಡಿದೀನಿ. ಅದು ಪ್ಲಾಸ್ಟಿಕ್ ಅಲ್ರವ್ವಾ. ಅಕ್ಕಿಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿ ಆಕಾರಕ್ಕೆ ಮಾಡಿದ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸಿ ಕೊಡ್ತಿದ್ರು. ರಕ್ತ ಕಮ್ಮಿ ಇರೋರಿಗೆ ಬೇಕು ಅಂತಾನೇ ಹಾಕಿದ್ದು. ಆರಿಸಿ ಚೆಲ್ಲಬ್ಯಾಡ್ರಿ, ಬಹಳ ಸಲ ತಿಕ್ಕಿ ತೊಳೀಬ್ಯಾಡ್ರಿ. ಗಂಜಿ ಬಸಿದ್ರೆ ಅದಕ್ಕೆ ಉಪ್ಪು, ಮಜ್ಜಿಗೆ ಹಾಕಿ ಮನೆಯೋರೆಲ್ಲ ಕುಡೀರಿ.

ಆದ್ರೆ ಉಳಿತಾಯ ಅಂತ ಹೊಟ್ಟೆ ಕೆಡಿಸ್ಕೊಬಾರದು. 'ಅನ್ನ ಹಳಸಿತ್ತು, ನಾಯಿ ಹಸಿದಿತ್ತು' ಅಂತ ಗಾದೆ ಐತಿ. ಹಳಸಿದ್ದನ್ನ ಮನುಷ್ಯರು ಯಾಕೆ ತಿನ್ನಬೇಕು? ನನ್ನ ಲೆಕ್ಕ ಹಿಂಗೈತಿ. ಅನ್ನ ಉಳೀತತಿ ಅಂತ ಗೊತ್ತಾದ ಕೂಡಲೇ ಅಗಲ ತಟ್ಟೆಗೆ ಹರವಿ ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ. ಕುಕ್ಕರಿನಾಗೇ ರಾತ್ರಿಯೆಲ್ಲಾ ಬಿಟ್ಟ ಅನ್ನದಾಗೆ ಒಂದು ಜಾತಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡ್ತತಿ. ಆ ವಿಷ ಬೆಳಗ್ಗೆ ಎಷ್ಟು ಕಾಸಿದ್ರೂ ಹೋಗಲ್ಲ, ವಾಸನೆನೂ ಬರ್ತತಿ ಅಂತ ಹೇಳೋಕಾಗಲ್ಲ. ಸಾರು, ಬೇಳೆ ಆದ್ರೆ ಕುದಿ ಬರೋವರೆಗೂ ಕಾಸ್ರಿ, ಒಂದೇ ಸಲ. ಎರಡನೇ ಸಲ ಕಾಸೋದು ಬ್ಯಾಡ. ಹಸಿ ಕಾಯಿ ಚಟ್ನಿ ಆ ಹೊತ್ತಿಗೇ ಮುಗಿಸ್ರಿ. ಎಳೆ ಮಕ್ಕಳಿಗೆ, ಬಸುರಿಗೆ ಬಿಸಿದೇ ಕೊಡ್ರಿ.

ಈಗ ನಾನು ಹೇಳಬೇಕು ಅಂದುಕೊಂಡಿದ್ದ ಮಾತು. ಇಷ್ಟೆಲ್ಲಾ ಮಾಡಿದ ಮ್ಯಾಲೂ ಉಳಿದದ್ದು ಯಾರು ಉಣ್ತಾರೆ? ನಮ್ಮ ಅತ್ತೆ ಎಲ್ಲರಿಗೂ ಬಿಸಿ ಬಡಿಸಿ, ಕೊನೆಗೆ ಒಲೆ ಮುಂದೆ ಕೂತು ನಿನ್ನೆ ಅನ್ನಕ್ಕೆ ಉಪ್ಪಿನಕಾಯಿ ಕಲಿಸಿ ಉಣ್ತಿದ್ರು. ಪಲ್ಯ ಮುಗಿದಿರ್ತಿತ್ತು. ಬೇಳೆ ತಳದಾಗೆ ಇರ್ತಿತ್ತು. ಅದನ್ನ ಯಾರೂ ಹೇಳಿಕೊಟ್ಟಿದ್ದಲ್ಲ, ನಾವೆಲ್ಲ ನೋಡಿ ಕಲ್ತಿದ್ದು. ನಮ್ಮ ಸೊಸೆ ಬಂದ ಹೊಸದ್ರಾಗೆ ಹಂಗೇ ಕೂರೋಕೆ ಶುರು ಮಾಡಿದ್ಲು. ಅವರವ್ವನ ಮನ್ಯಾಗೆ ನೋಡಿದ್ದು ಅದೇ. ಬಸುರಿ ಆದಾಗ ರಕ್ತ ಪರೀಕ್ಷೆ ಮಾಡಿಸಿದ್ರೆ ಒಂಬತ್ತು ಇತ್ತು. ನರ್ಸಮ್ಮ ಕಬ್ಬಿಣದ ಮಾತ್ರೆ ಕೊಟ್ಟು, 'ಏನ್ ಉಣ್ತೀಯಮ್ಮಾ?' ಅಂತ ಕೇಳಿದ್ರೆ ಆ ಹುಡುಗಿ ತಲೆ ಬಗ್ಗಿಸಿದ್ಲು. ನಮ್ಮ ರಾಜ್ಯದಾಗೆ ಹೆಚ್ಚುಕಮ್ಮಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತ ಕಮ್ಮಿ ಅಂತ ಸರ್ಕಾರದ ಸಮೀಕ್ಷೆಯಾಗೇ ಬಂದೈತಿ. ಅದಕ್ಕೆ ಕಾರಣ ಹತ್ತು ಇರಬೌದು. ಈ ಕೊನೇ ಪಂಕ್ತಿನೂ ಅದರಾಗೆ ಒಂದು ಅಂತ ನನಗೆ ಅನ್ನಿಸ್ತತಿ.

ಅವತ್ತಿನಿಂದ ಮನ್ಯಾಗೆ ಮೂರು ಕಟ್ಟು ಮಾಡಿದೆ. ಒಂದು, ಸೊಸೆಗೆ ಹೆರಿಗೆ ಆಗೋವರೆಗೂ ತಂಗಳು ಇಲ್ಲ, ಮೊದಲ ಬಿಸಿ ರೊಟ್ಟಿ ಅವಳಿಗೇ. ಎರಡು, ಉಳಿದದ್ದು ಏನೇ ಇರಲಿ, ಬೆಳಗ್ಗೆ ಎಲ್ಲರ ಗಂಗಾಳಕ್ಕೂ ಸಮ ಹಂಚೋದು, ಗಂಡಸರಿಗೂ ಸೇರಿ. ಮೂರು, ಪಲ್ಯ, ಕಾಳು ಬಡಿಸೋಕೆ ಮುಂಚೆ ಅಡಿಗೆ ಮಾಡಿದೋಳ ಪಾಲು ಬಟ್ಟಲಿಗೆ ತೆಗೆದಿಡೋದು.

ಮೊದಲ ದಿನ ನಮ್ಮ ಯಜಮಾನ್ರು ಗಂಗಾಳ ನೋಡಿ, 'ಇದು ನಿನ್ನೇದಲ್ಲೇನೇ?' ಅಂದ್ರು.

'ಹೌದ್ರೀ, ಮೂವತ್ತು ವರ್ಷದಿಂದ ನಾನು ಉಣ್ತಿರೋದೂ ನಿನ್ನೇದೇ' ಅಂದೆ.

ಸುಮ್ಮನೆ ಉಂಡ್ರು. ಎರಡು ದಿನ ಮುಖ ಊದಿಸ್ಕೊಂಡಿದ್ರು. ಮೂರನೇ ದಿನ ರೊಟ್ಟಿ ಒಗ್ಗರಣೆ ಮಾಡಿದಾಗ ಇನ್ನೊಂದು ಸೌಟು ಹಾಕು ಅಂದ್ರು. ಇನ್ನೊಂದು ಲಾಭ ಆತು ನೋಡ್ರಿ. ಉಳಿದದ್ದು ತಮ್ಮ ಗಂಗಾಳಕ್ಕೂ ಬರ್ತತಿ ಅಂತ ಗೊತ್ತಾದ ಮ್ಯಾಲೆ ರಾತ್ರಿ 'ನನಗೆ ಅನ್ನ ಬ್ಯಾಡ, ಹೊರಗೆ ತಿಂದು ಬಂದೆ' ಅನ್ನೋ ಮಗ ಸಂಜೆ ಐದಕ್ಕೇ ಫೋನ್ ಮಾಡಿ ಹೇಳ್ತಾನೆ. ದಿನಾ ಒಂದು ಪಾವು ಅಕ್ಕಿ ಕಮ್ಮಿ ಇಡ್ತೀನಿ. ಯಾವ ಅಡಿಗೆ ಉಪಾಯಕ್ಕಿಂತ ಹೆಚ್ಚು ಉಳಿಸಿದ್ದು ಇದೇ.

ಸೊಸೆಗೆ ಏಳನೇ ತಿಂಗಳಿಗೆ ರಕ್ತ ಹನ್ನೊಂದಕ್ಕೆ ಬಂತು. ಮಾತ್ರೆನೂ ಬಿಡಲಿಲ್ಲ, ಹುರುಳಿ, ನುಗ್ಗೆಸೊಪ್ಪು, ಶೇಂಗಾ ಬೆಲ್ಲನೂ ಬಿಡಲಿಲ್ಲ. ಈಗ ಮೊಮ್ಮಗಳು ಅಡಿಗೆ ಮನ್ಯಾಗೆ ಓಡಾಡ್ತಾಳೆ, ರೊಟ್ಟಿ ಚೂರಿಗೆ ಕೈ ಹಾಕ್ತಾಳೆ.

ನಿಮ್ಮ ಮನ್ಯಾಗೆ ಸೊಸೆ, ಮಗಳು, ಕೆಲಸಕ್ಕೆ ಬರೋ ಹೆಣ್ಣುಮಗಳು ಕೊನೆಗೆ ಏನ್ ಉಣ್ತಾಳೆ ಅಂತ ಇವತ್ತು ರಾತ್ರಿ ಒಂದು ಸಲ ನೋಡ್ರಿ. ಮುಂದಿನ ಸಲ ಅಗಸೆ ಚಟ್ನಿಪುಡಿ ಅಳತೆ ಬರೀತೀನಿ. ಹೊನ್ನಾಳಿ ಅಕ್ಕನ ಹತ್ರ ಕೇಳಿಟ್ಟಿದೀನಿ.